ಬ್ಲೌಸಿಗೆ ಇವತ್ತಿನ ಅಳತೆಯನ್ನೇ ಕೊಡಿ

ಪ್ರಶ್ನೆ: ನಾನು ಗದಗಿನವಳು, ವಯಸ್ಸು 24. ಪುಣೆಯ ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಪಿಜಿ. ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಬಂದಾಗ 52 ಕೆಜಿ ಇದ್ದೆ, ಈಗ 61. ಎತ್ತರ 158 ಸೆಂ.ಮೀ. ಇತ್ತೀಚೆಗೆ ಮುಟ್ಟು ಕೂಡ ಹತ್ತು ಹದಿನೈದು ದಿನ ಮುಂದೆ ಹೋಗುತ್ತಿದೆ. ಊರಿಗೆ ಹೋದರೆ ಎಲ್ಲರ ಬಾಯಲ್ಲೂ ನನ್ನ ತೂಕದ್ದೇ ಮಾತು. ಮೇ ತಿಂಗಳಲ್ಲಿ ಅಕ್ಕನ ಮದುವೆ. ಇರುವ ಮೂರು ತಿಂಗಳಲ್ಲಿ 10 ಕೆಜಿ ಇಳಿಸಬೇಕು. ರಾತ್ರಿ ಊಟ ಬಿಟ್ಟು ನೋಡಿದೆ. ಎರಡು ದಿನ ತಡೆಯುತ್ತೇನೆ, ಮೂರನೇ ದಿನ ಸಿಕ್ಕಿದ್ದೆಲ್ಲ ತಿಂದುಬಿಡುತ್ತೇನೆ, ಆಮೇಲೆ ಅಳು ಬರುತ್ತದೆ. ವಯಸ್ಸು 25ರ ಹತ್ತಿರ ಬಂದರೆ ಮೆಟಬಾಲಿಸಮ್, ಅಂದರೆ ದೇಹ ಶಕ್ತಿ ಸುಡುವ ವೇಗ, ಕಡಿಮೆಯಾಗುತ್ತದೆ ಎಂದು ಜಿಮ್ಮಿನ ಟ್ರೇನರ್ ಹೇಳಿದ. ನನ್ನ ಒಂದು ವಾರದ ದಿನಚರಿ ಜತೆಗಿದೆ. ಏನು ಮಾಡಲಿ?

ಉತ್ತರ: ಮೊದಲು ಬ್ಲೌಸಿನ ವಿಷಯ ಮಾತಾಡೋಣ. ನೀವು ಅದನ್ನು ಕೇಳಿಲ್ಲ. ಆದರೆ ಮನೆಯಲ್ಲಿ ಮದುವೆ ಅಂದ ಮೇಲೆ ಅಳತೆ ಕೊಡುವ ದಿನ ಬಂದೇ ಬರುತ್ತದೆ. ಅವತ್ತು ಟೇಲರ್‌ಗೆ "ಸ್ವಲ್ಪ ಬಿಗಿಯಾಗೇ ಇಡಿ, ಅಷ್ಟರಲ್ಲಿ ಇಳಿಸ್ತೀನಿ" ಅನ್ನಬೇಡಿ. ಹಾಗೆ ಹೇಳಿ ಬಂದು, ಮದುವೆಯ ಹಿಂದಿನ ರಾತ್ರಿ ಹುಕ್ ಕೂಡದೆ ಬಾಗಿಲು ಹಾಕಿಕೊಂಡು ಅತ್ತ ಹುಡುಗಿಯರನ್ನು ನಾನು ನೋಡಿದ್ದೇನೆ. ಇವತ್ತಿನ ಅಳತೆಯನ್ನೇ ಕೊಡಿ. ಒಳಗಡೆ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಬಿಡಿಸಿ. ಸಡಿಲವಾದರೆ ಹಿಡಿಸಬಹುದು, ಬಿಗಿಯಾದರೆ ಬಿಚ್ಚಬಹುದು. ಆಫೀಸಿಗೆ ಹಾಕುವ ಎರಡು ಕುರ್ತಾ, ಒಂದು ಪ್ಯಾಂಟು ಕೂಡ ಈಗಿನ ಮೈಗೆ ಸರಿಹೋಗುವಂಥವು ತಗೊಳ್ಳಿ. ಬಿಗಿ ಬಟ್ಟೆ ದಿನವಿಡೀ ಹೊಟ್ಟೆ ಒತ್ತುತ್ತಿದ್ದರೆ ಕೂತಾಗಲೂ ಅದೇ ಯೋಚನೆ, ನಿಂತಾಗಲೂ ಅದೇ ಯೋಚನೆ. ಆ ಯೋಚನೆ ಹೊತ್ತುಕೊಂಡು ಯಾರೂ ಒಳ್ಳೆಯ ಅಭ್ಯಾಸ ಬೆಳೆಸಿಕೊಂಡಿದ್ದನ್ನು ನಾನು ಕಂಡಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ, ಬಂದಾಗ 20.8 ಇತ್ತು, ಈಗ 24.4. ಮೊಬೈಲಿನ ಆ್ಯಪ್‌ಗಳು 25ರ ತನಕ "ನಾರ್ಮಲ್" ಎಂದು ಹಸಿರು ಬಣ್ಣ ತೋರಿಸುತ್ತವೆ. ನಮ್ಮ ದೇಶದ ವೈದ್ಯರು ಇಟ್ಟುಕೊಂಡಿರುವ ಗೆರೆ ಅದಕ್ಕಿಂತ ಕೆಳಗಿದೆ. 23 ಮುಟ್ಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು. ನಮಗೇ ಯಾಕೆ ಬೇರೆ ಗೆರೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ನೀವಿರುವ ಊರಿನಲ್ಲೇ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಪ್ರಕಟಿಸಿದರು. ಅವರು ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಪಕ್ಕಪಕ್ಕ ನಿಂತ ಫೋಟೋ. ಇಬ್ಬರ ಬಿಎಂಐ ಕೂಡ 22.3. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮಲ್ಲಿ ಬಹಳ ಜನರ ದೇಹ ಹೀಗೇ. ಆ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಜಾಸ್ತಿ, ಸಕ್ಕರೆ ಕಾಯಿಲೆ ಬೇಗ ಬರುವುದಕ್ಕೆ ಅದು ದೊಡ್ಡ ಕಾರಣ.

ಹಾಗಾಗಿ ತೂಕದ ಯಂತ್ರಕ್ಕಿಂತ ಟೇಪ್ ಮೇಲೆ ನನಗೆ ನಂಬಿಕೆ ಜಾಸ್ತಿ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಸಹಜವಾಗಿ ಹೊರಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ನಮ್ಮ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ಒಳಗಿರಬೇಕು, ಗಂಡಸರಿಗೆ 90. ಇನ್ನೂ ಸುಲಭದ ಲೆಕ್ಕ ಬೇಕಾದರೆ, ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧ ದಾಟಬಾರದು. ನಿಮಗೆ ಅದು 79 ಸೆಂ.ಮೀ.

ಟ್ರೇನರ್ ಹೇಳಿದ ಮಾತು ಸರಿಯಲ್ಲ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಧ್ಯಯನ ಬಂತು. ದೇಹದ ಗಾತ್ರ, ಮಾಂಸಖಂಡ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೆ, ದಿನಕ್ಕೆ ದೇಹ ಸುಡುವ ಶಕ್ತಿ 20ರಿಂದ 60 ವರ್ಷದ ತನಕ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂದು ಗೊತ್ತಾಯಿತು. 24ಕ್ಕೆ ನಿಮ್ಮ ದೇಹ ಸೋಮಾರಿಯಾಗಿಲ್ಲ. ನಿಮ್ಮ ದಿನ ಬದಲಾಗಿದೆ, ಅಷ್ಟೇ. ಅದನ್ನು ನಿಮ್ಮ ದಿನಚರಿಯೇ ಹೇಳುತ್ತಿದೆ.

9 ಕೆಜಿ ಅಂದರೆ ದೊಡ್ಡದಾಗಿ ಕಾಣುತ್ತದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದು, ಒಂದೂವರೆ ವರ್ಷಕ್ಕೆ ಹಂಚಿ ನೋಡಿ. ದಿನಕ್ಕೆ 125ರ ಆಸುಪಾಸು ಬರುತ್ತದೆ. ದೇಹದ ಲೆಕ್ಕ ಇಷ್ಟು ಸರಳವಲ್ಲ, ಆದರೂ ಅಂದಾಜಿಗೆ ಇದು ಸಾಕು. ನೀವು ದಿನಾ ಹಬ್ಬದೂಟ ಮಾಡಿ ದಪ್ಪಗಾದವರಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದು ದಿನಾ ಸೇರಿದೆ.

ಅದು ಎಲ್ಲಿಂದ ಸೇರಿತು? ಹೋದ ವರ್ಷ ನನ್ನ ಬಳಿ ಬಂದ ಹುಡುಗಿಯೊಬ್ಬಳು ಮೆಸ್ಸಿನ ಡಬ್ಬಿಯನ್ನೇ ತಂದಿದ್ದಳು. ಬಟಾಟೆ ಭಾಜಿಯ ಬಟ್ಟಲನ್ನು ಟೇಬಲ್ ಮೇಲೆ ಒಂದು ಬದಿಗೆ ಓರೆ ಮಾಡಿ ಇಟ್ಟೆವು. ಕೆಳಗೆ ಒಂದು ಪೆನ್ಸಿಲ್ ಕೊಟ್ಟಿದ್ದೆ, ಜಾರದಿರಲಿ ಅಂತ. ಹತ್ತು ನಿಮಿಷಕ್ಕೆ ಮೂಲೆಯಲ್ಲಿ ಅರಿಶಿನ ಬಣ್ಣದ ಎಣ್ಣೆ ನಿಂತಿತು. ಟೀ ಚಮಚದಲ್ಲಿ ತೆಗೆದರೆ ಮೂರು ಚಮಚ. ಒಂದು ಟೀ ಚಮಚ ಎಣ್ಣೆಗೆ ಸುಮಾರು 45 ಕ್ಯಾಲೊರಿ. ಅಂದರೆ ಒಂದು ಹೊತ್ತಿನ ಒಂದು ಭಾಜಿಯಲ್ಲಿ 135. ಅವಳು ಬಟ್ಟಲನ್ನು ನೋಡಿ ಸುಮ್ನೆ ಕೂತಳು. "ಮೇಡಂ, ನಾನು ಅನ್ನ ಬಿಟ್ಟಿದ್ದೆ" ಅಂದಳು. ನೀವೂ ಒಮ್ಮೆ ಹೀಗೆ ಮಾಡಿ ನೋಡಿ. ಎಣ್ಣೆ ಒಂದು ಕಡೆ ನಿಂತ ಮೇಲೆ ಭಾಜಿ ಮಾತ್ರ ಎತ್ತಿಕೊಂಡರೆ ಆಯಿತು. ಮೆಸ್ಸಿನ ಕಾಕೂಗೂ "ತೇಲ್ ಕಮೀ ಟಾಕಾ" (ಎಣ್ಣೆ ಕಡಿಮೆ ಹಾಕಿ) ಎಂದು ಹೇಳಿ. ಒಂದು ದಿನಕ್ಕೆ ಕೇಳುವುದಿಲ್ಲ, ನಾಲ್ಕು ದಿನ ಹೇಳಿದರೆ ಕೇಳುತ್ತಾರೆ.

ಎರಡನೆಯದು ಚಹಾ. ಗದಗಿನಲ್ಲಿ ದಿನಕ್ಕೆ ಎರಡು ಸಲ ಕುಡಿಯುತ್ತಿದ್ದಿರಿ, ಇಲ್ಲಿ ಆಫೀಸಿನ ಮಶೀನಿನಿಂದ ಐದು ಕಪ್ ಎಂದು ಬರೆದಿದ್ದೀರಿ. ಆ ಮಶೀನಿನ ಪುಡಿಯಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಸೇರಿರುತ್ತದೆ. ಕಪ್ಪಿಗೆ 7 ಗ್ರಾಂ ಹಿಡಿದರೂ ಐದಕ್ಕೆ 35 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮದು ಬರೀ ಚಹಾದಲ್ಲೇ ದಾಟಿತು. ಚಹಾ ಬಿಡಿ ಅಂತ ನಾನು ಹೇಳುವುದಿಲ್ಲ, ಉತ್ತರ ಕರ್ನಾಟಕದವರಿಗೆ ಆ ಮಾತು ಹೇಳಿ ಪ್ರಯೋಜನವೂ ಇಲ್ಲ. ಎರಡು ಕಪ್ ಇಷ್ಟಪಟ್ಟು ಕುಡಿಯಿರಿ. ಉಳಿದ ಮೂರು ಸಲ ಎದ್ದು ಹೋಗುವುದು ಚಹಾಕ್ಕಲ್ಲ, ಕುರ್ಚಿಯಿಂದ ತಪ್ಪಿಸಿಕೊಳ್ಳುವುದಕ್ಕೆ. ಆಗ ನೀರಿನ ಬಾಟಲಿ ಹಿಡಿದು ಒಂದು ಮಹಡಿ ಮೆಟ್ಟಿಲು ಹತ್ತಿ ಇಳಿದು ಬನ್ನಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ನಿಮ್ಮ ರಾತ್ರಿ. ಶಿಫ್ಟ್ ಮುಗಿಯುವುದು 10ಕ್ಕೆ. ಕ್ಯಾಬ್‌ನಲ್ಲಿ ಪಿಜಿಗೆ ಬರುವಷ್ಟರಲ್ಲಿ ಪೌನೆ ಹನ್ನೊಂದು. ಆಮೇಲೆ ಡಬ್ಬಿಯ ತಣ್ಣಗಿನ ಪೋಳಿ (ಚಪಾತಿ) ಬೇಡವೆನಿಸಿ ಆ್ಯಪ್‌ನಲ್ಲಿ ಆರ್ಡರ್. ಒಂದು ವಾರದಲ್ಲಿ ನಾಲ್ಕು ಸಲ, ಎರಡು ಸಲ ಫ್ರೈಡ್ ರೈಸ್, ಒಂದು ಸಲ ಪನೀರ್ ರೋಲ್, ಒಂದು ಸಲ ಬಿರಿಯಾನಿ. ಮಲಗುವುದು ಎರಡು ಗಂಟೆಗೆ. ಬೆಳಗ್ಗೆ ಎಂಟಕ್ಕೆ ಪಕ್ಕದ ಹುಡುಗಿಯ ಅಲಾರಂಗೆ ಎಚ್ಚರ. ಆರು ಗಂಟೆಯೂ ಗಟ್ಟಿ ನಿದ್ದೆ ಇಲ್ಲ. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನು ಇಳಿಯುತ್ತದೆ. ಮಾರನೇ ದಿನ ಸಂಜೆ ಸಮೋಸಾ ಕಂಡು ಕೈ ಹೋದರೆ ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ, ಹಿಂದಿನ ರಾತ್ರಿಯ ಬಾಕಿ.

ಅದಕ್ಕೇ ನಾನು ಬದಲಾಯಿಸಲು ಹೇಳುವುದು ಮೊದಲು ರಾತ್ರಿಯನ್ನು. ಊಟ ಬಿಡಬೇಡಿ, ಊಟದ ಹೊತ್ತನ್ನು ಹಿಂದಕ್ಕೆ ತನ್ನಿ. ಮಧ್ಯಾಹ್ನ ಹೊರಡುವಾಗಲೇ ಮೆಸ್ಸಿನಿಂದ ಎರಡು ಹೊತ್ತಿನ ಡಬ್ಬಿ ಕಟ್ಟಿಸಿಕೊಳ್ಳಿ. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ಆಫೀಸಿನ ಫ್ರಿಜ್‌ಗೆ. ರಾತ್ರಿ ಎಂಟರ ಬ್ರೇಕ್‌ನಲ್ಲಿ ಬಿಸಿ ಮಾಡಿ ಊಟ ಮುಗಿಸಿ. ಆಮೇಲೆ ಹತ್ತು ನಿಮಿಷ ಕ್ಯಾಂಪಸ್ಸಿನಲ್ಲಿ ನಡೆಯಿರಿ. ಊಟದ ನಂತರದ ಸಣ್ಣ ನಡಿಗೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದನ್ನು ತಡೆಯುತ್ತದೆ. ಪಿಜಿಗೆ ಬಂದ ಮೇಲೆ ಹಸಿವಾದರೆ ಒಂದು ಲೋಟ ಹಾಲು ಅಥವಾ ಮಜ್ಜಿಗೆ ಕುಡಿಯಿರಿ. ಹನ್ನೆರಡೂವರೆಗೆ ದೀಪ ಆರಬೇಕು. ಎರಡರಿಂದ ಹನ್ನೆರಡೂವರೆಗೆ ಒಂದೇ ದಿನಕ್ಕೆ ಬರಲಾಗದು, ವಾರಕ್ಕೆ ಇಪ್ಪತ್ತು ನಿಮಿಷದಂತೆ ಹಿಂದಕ್ಕೆ ಬನ್ನಿ.

ತಪ್ಪಿಹೋದ ದಿನಗಳಿಗೆಂದು ಕೋಣೆಯಲ್ಲಿ ಒಂದು ಡಬ್ಬ ಇಟ್ಟಿರಿ. ಊರಿಂದ ಬರುವಾಗ ಅವ್ವ ಕಟ್ಟಿಕೊಡುವ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಎರಡು ರೊಟ್ಟಿ ಮುರಿದು, ಒಂದು ಬಟ್ಟಲು ಮೊಸರು, ಒಂದು ಚಮಚ ಚಟ್ನಿ, ಸೌತೆಕಾಯಿ, ಉಳ್ಳಾಗಡ್ಡಿ. ಆ್ಯಪ್‌ನ ಹುಡುಗ ಬರುವಷ್ಟರಲ್ಲಿ ಊಟ ಮುಗಿದಿರುತ್ತದೆ. ಹೊಸ ಊರಿಗೆ ಬಂದ ಮೇಲೆ ಆರೋಗ್ಯದ ಊಟ ಅಂದರೆ ಓಟ್ಸ್, ಸಲಾಡು ಎಂದು ನಿಮಗೆ ಅನ್ನಿಸಿದೆ. ನಿಮ್ಮ ಪಟ್ಟಿಯಲ್ಲಿ ಎರಡೂ ಇವೆ, ಎರಡೂ ನಿಮಗೆ ಸೇರುವುದಿಲ್ಲ ಎಂದೂ ಬರೆದಿದ್ದೀರಿ. ಯಾಕೆ ಒದ್ದಾಡುತ್ತೀರಿ? ನೀವು ಇರುವುದು ಜೋಳದ ನಾಡಿನಲ್ಲೇ. ನಮ್ಮ ರೊಟ್ಟಿ ಇಲ್ಲಿ ಭಾಕರಿ, ನಮ್ಮ ಝುಣಕ ಇಲ್ಲೂ ಝುಣಕವೇ. ಮಡಿಕೆ ಕಾಳಿನ ಪಲ್ಯ ಇಲ್ಲಿ ಮಟಕಿ ಉಸಳ್. ವಾಕಡ್‌ನ ಮೆಸ್‌ಗಳಲ್ಲಿ ಪೋಳಿ ಬದಲು ಭಾಕರಿ ಕೇಳಿದರೆ ಕೊಡುವವರು ಸಿಗುತ್ತಾರೆ.

ನಿಮ್ಮ ತಟ್ಟೆಯಲ್ಲಿ ನನಗೆ ಕಂಡ ನಿಜವಾದ ಕೊರತೆ ಪ್ರೋಟೀನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಬೇಕು. ನಿಮಗೆ ಸುಮಾರು 50 ಗ್ರಾಂ. ಮೆಸ್ಸಿನ ನೀರು ಬೇಳೆಯಲ್ಲಿ ಅದು ಆಗುವ ಮಾತಲ್ಲ. ಕಾಳಿನ ಉಸಳ್ ಒಂದು ದೊಡ್ಡ ಬಟ್ಟಲು, ಮೊಸರು ಎರಡು ಸಲ, ಸಂಜೆ ಐದೂವರೆಗೆ ಒಂದು ಮುಷ್ಟಿ ಹುರಿದ ಕಡಲೆ ಅಥವಾ ಶೇಂಗಾ ತಿನ್ನಿ. ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಬರೆದಿಲ್ಲ, ತಿನ್ನುವುದಾದರೆ ಬೆಳಗ್ಗೆ ಎರಡು ಬೇಯಿಸಿದರೆ 12 ಗ್ರಾಂ ಅಲ್ಲೇ ಬಂತು. ಪೌಡರ್ ಡಬ್ಬಿ ಬೇಕಿಲ್ಲ. ಶೇಂಗಾ ಮಾತ್ರ ಒಂದೇ ಮುಷ್ಟಿ, ಟಿವಿ ಮುಂದೆ ಪೊಟ್ಟಣ ಹಿಡಿದು ಕೂರಬೇಡಿ. ಇನ್ನೊಂದು, ಗುರುವಾರ ಉಪವಾಸ ಅಂತ ಸಾಬೂದಾನಿ ಖಿಚಡಿ ತಿಂದು ಹಗುರ ಊಟ ಎಂದುಕೊಂಡಿದ್ದೀರಿ. ಸಾಬೂದಾನಿ ಅಂದರೆ ಬರೀ ಪಿಷ್ಟ, ಜತೆಗೆ ತುಪ್ಪ, ಶೇಂಗಾ, ಬಟಾಟೆ. ದೇವರಿಗಾಗಿ ಮಾಡುವುದಾದರೆ ಸಂತೋಷದಿಂದ ಮಾಡಿ, ತೂಕಕ್ಕಾಗಿ ಬೇಡ.

ವ್ಯಾಯಾಮಕ್ಕೆ ಜಿಮ್ಮಿನ ಪ್ಯಾಕೇಜ್ ಕಟ್ಟಿ ಹನ್ನೆರಡು ದಿನ ಹೋಗಿ ಬಿಟ್ಟಿದ್ದೀರಿ. ಹಣ ಹೋಯಿತು ಅಂತ ಕೊರಗಬೇಡಿ. ವಾರಕ್ಕೆ 150 ನಿಮಿಷ ಸ್ವಲ್ಪ ಏದುಸಿರು ಬರುವ ನಡಿಗೆ, ಎರಡು ದಿನ ಮಾಂಸಖಂಡಕ್ಕೆ ಕೆಲಸ. ದೊಡ್ಡವರಿಗೆ ಬೇಕಾದ ಕನಿಷ್ಠ ಇದು. ಎಷ್ಟು ಜೋರಾಗಿ ನಡೆಯಬೇಕು ಅಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು. ನಿಮ್ಮ ಶಿಫ್ಟ್ ಮಧ್ಯಾಹ್ನದ್ದು, ಬೆಳಗಿನ ಹೊತ್ತು ನಿಮ್ಮದೇ ಇದೆ. ಅರ್ಧ ಗಂಟೆ, ವಾರಕ್ಕೆ ಐದು ದಿನ. ಭಾನುವಾರ ಗೆಳತಿಯರ ಜತೆ ಬಾಣೇರದ ಟೇಕಡಿ (ಗುಡ್ಡ) ಹತ್ತಿ. ಒಬ್ಬರೇ ಹೋಗಬೇಡಿ, ಕತ್ತಲಲ್ಲಿ ಬೇಡ.

ಪುಣೆ ಈ ವಿಷಯದಲ್ಲಿ ಪುಣ್ಯದ ಊರು. ನನ್ನ ಮನೆ ಪರ್ವತಿ ಗುಡ್ಡದ ಹತ್ತಿರ. ಬೆಳಗ್ಗೆ ಆರಕ್ಕೆ ಹೋದರೆ 70 ದಾಟಿದ ಅಜ್ಜಿಯರು ನೌವಾರಿ ಸೀರೆ, ಕ್ಯಾನ್ವಾಸ್ ಬೂಟು ಹಾಕಿಕೊಂಡು 103 ಮೆಟ್ಟಿಲು ಹತ್ತುತ್ತಿರುತ್ತಾರೆ. ಯಾರೂ ಗಡಿಯಾರ ನೋಡುವುದಿಲ್ಲ. ನಡುವೆ ನಿಲ್ಲುತ್ತಾರೆ, ಸೊಸೆಯ ಸುದ್ದಿ ಮಾತಾಡುತ್ತಾರೆ, ಮತ್ತೆ ಹತ್ತುತ್ತಾರೆ. ಒಬ್ಬ ಅಜ್ಜಿ ನನ್ನ ಜತೆ ಎಂಟು ವರ್ಷದಿಂದ ಹತ್ತುತ್ತಿದ್ದಾರೆ, ಅವರ ತೂಕ ಎಷ್ಟೆಂದು ನಾನು ಕೇಳಿಯೇ ಇಲ್ಲ.

ಮಾಂಸಖಂಡದ ಕೆಲಸಕ್ಕೆ ಕೋಣೆಯಲ್ಲಿ ಒಂದು ಕುರ್ಚಿ ಸಾಕು. ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಗೋಡೆಗೆ ಕೈಯಿಟ್ಟು ತಳ್ಳುವುದು ಹತ್ತು ಸಲ. ಪುಸ್ತಕ ತುಂಬಿದ ಬ್ಯಾಗ್ ಎರಡೂ ಕೈಯಲ್ಲಿ ಎತ್ತಿ ಇಳಿಸುವುದು ಹತ್ತು ಸಲ. ಇದನ್ನು ಮೂರು ಸುತ್ತು ಮಾಡಿ. ನಿಮ್ಮ ವಯಸ್ಸಿಗೆ ಮೂಳೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಈಗ ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನ ಜತೆ ಮಾಂಸಖಂಡವೂ ಹೋಗುತ್ತದೆ, ಬೇಗ ಬೇಗ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲು ಕೂಡ ಜಾಸ್ತಿ.

ಮುಟ್ಟಿನ ವಿಷಯವನ್ನು ಮುಂದೂಡಬೇಡಿ. ಇದನ್ನು ನೀವು ಪತ್ರದ ನಡುವೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಎರಡು ಮುಟ್ಟಿನ ನಡುವೆ 35 ದಿನಕ್ಕಿಂತ ಜಾಸ್ತಿ ಆಗುತ್ತಿದ್ದರೆ, ಜತೆಗೆ ಗದ್ದದ ಮೇಲೆ ಒರಟು ಕೂದಲು, ಬಿಡದ ಮೊಡವೆ ಇದ್ದರೆ ಪಿಸಿಓಎಸ್ ಇರಬಹುದು, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಶಯದ ಕೆಲಸ ತಪ್ಪುವ ತೊಂದರೆ. ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಈ ತಿಂಗಳೇ ಸ್ತ್ರೀರೋಗ ವೈದ್ಯರನ್ನು ಕಾಣಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ), ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿ 5.7ಕ್ಕಿಂತ ಕೆಳಗಿರಬೇಕು. ಥೈರಾಯ್ಡ್ ತೊಂದರೆ ಇದ್ದರೂ ಅದೊಂದರಿಂದಲೇ 9 ಕೆಜಿ ಏರುವುದು ಅಪರೂಪ, ಆದರೆ ಇದ್ದರೆ ಮಾತ್ರೆ ಬೇಕೇ ಬೇಕು. ಸ್ಟೆರಾಯ್ಡ್, ಮೂರ್ಛೆ ರೋಗ ಅಥವಾ ಮನಸ್ಸಿನ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೂ ತೂಕ ಏರಿಸುತ್ತವೆ. ಅಂಥದ್ದೇನಾದರೂ ತಗೊಳ್ಳುತ್ತಿದ್ದರೆ ನೀವಾಗೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಪಿಸಿಓಎಸ್ ಎಂದೇ ಆದರೂ ಹೆದರಬೇಡಿ. ತೂಕದ ಶೇ 5ರಷ್ಟು, ಅಂದರೆ ನಿಮಗೆ 3 ಕೆಜಿ ಇಳಿದರೂ ಬಹಳಷ್ಟು ಹುಡುಗಿಯರಿಗೆ ಮುಟ್ಟು ಮತ್ತೆ ಸರಿಹೋಗುತ್ತದೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಆಫೀಸಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಬಿಪಿ, ಶುಗರ್‌ನಂಥ ತೊಂದರೆ ಇರುವವರಿಗೆ ವೈದ್ಯರು ನೋಡಿಕೊಂಡು ಕೊಡುವ ಔಷಧ ಅದು. ನಿಮಗಲ್ಲ.

ಮೇ ತಿಂಗಳ ಒಳಗೆ 10 ಕೆಜಿ ಇಳಿಸುವ ಮಾತನ್ನು ಬಿಟ್ಟುಬಿಡಿ ತಂಗಿ. ಮೂರು ತಿಂಗಳಿಗೆ 3ರಿಂದ 4 ಕೆಜಿ ಇಳಿದರೆ ಅದು ನಿಲ್ಲುವ ಇಳಿಕೆ. ನಿಮ್ಮ ಎತ್ತರಕ್ಕೆ 57 ಕೆಜಿ ಹತ್ತಿರ ಬಂದರೆ ಸಾಕು. 52ಕ್ಕೇ ಮರಳಬೇಕು ಎಂದೇನಿಲ್ಲ. ಕಾಲೇಜಿಗೆ ನಡೆದು ಹೋಗುತ್ತಿದ್ದ, ಅವ್ವನ ಕೈಯ ಊಟ ಉಣ್ಣುತ್ತಿದ್ದ ಹುಡುಗಿಯ ತೂಕ ಅದು. ಈಗ ನಿಮ್ಮ ಕೆಲಸ ಬೇರೆ, ಊರು ಬೇರೆ, ವಯಸ್ಸೂ ಬೇರೆ. ತೂಕ ನೋಡುವುದಾದರೆ ವಾರಕ್ಕೊಂದೇ ಸಲ, ಬೆಳಗ್ಗೆ. ಮುಟ್ಟಿಗೆ ಮುಂಚೆ ನೀರು ನಿಂತು ಒಂದು ಕೆಜಿ ಜಾಸ್ತಿ ತೋರಿಸಬಹುದು, ಆ ವಾರ ನೋಡಲೇಬೇಡಿ.

ಎರಡು ದಿನ ಬಿಟ್ಟು ಮೂರನೇ ದಿನ ಮುಗಿಬಿದ್ದು ತಿನ್ನುವುದರ ಬಗ್ಗೆ. ಇದು ಆಸೆಬುರುಕತನ ಅಲ್ಲ. ಹಸಿದ ದೇಹ ತನ್ನನ್ನು ಉಳಿಸಿಕೊಳ್ಳುವ ರೀತಿ ಅದು. ಹೊತ್ತಿಗೆ ಸರಿಯಾಗಿ ಮೂರು ಸಲ ಉಂಡರೆ ಬಹಳ ಸಲ ಅದು ತಾನಾಗೇ ಕಡಿಮೆಯಾಗುತ್ತದೆ. ನಾಲ್ಕಾರು ವಾರವಾದರೂ ನಿಲ್ಲದಿದ್ದರೆ, ಅಥವಾ ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಮನಸ್ಸಾದರೆ, ದಯವಿಟ್ಟು ಒಬ್ಬರೇ ಸಹಿಸಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನು ಊರಿನವರ ಮಾತು. "ಯವ್ವಾ, ಪುಣೆ ನೀರು ಚಲೋ ಹತ್ತೈತಿ ನೋಡು, ಗುಂಡಗ ಆಗೀ!" ಅಂತ ಅತ್ತೆ ನಾಲ್ಕು ಜನರ ಎದುರು ಅಂದರು ಎಂದು ಬರೆದಿದ್ದೀರಿ. ಅದು ನೋವಾಗುವ ಮಾತೇ, ಅಲ್ವಾ. ಅವರಿಗೆ ಕೆಟ್ಟ ಮನಸ್ಸಿರಲಿಕ್ಕಿಲ್ಲ, ಆದರೂ ನೀವು ನಕ್ಕು ನುಂಗಬೇಕಿಲ್ಲ. "ಅತ್ತಿ, ತೂಕದ ಮಾತು ಬ್ಯಾಡ, ಬ್ಯಾರೆ ಏನರ ಹೇಳ್ರಿ" ಎಂದು ಮೆಲ್ಲಗೆ ಹೇಳಿ, ಅವರ ಮೊಣಕಾಲು ನೋವು ಹೇಗಿದೆ ಎಂದು ಕೇಳಿ. ಅವ್ವನಿಗೆ ಮಾತ್ರ ಮುಂಚೆಯೇ ಫೋನಿನಲ್ಲಿ ಎಲ್ಲ ಹೇಳಿಬಿಡಿ, ಮುಟ್ಟಿನ ವಿಷಯವನ್ನೂ. ಮದುವೆ ಮನೆಯಲ್ಲಿ ನಿಮ್ಮ ಪರವಾಗಿ ಮಾತಾಡುವವರು ಒಬ್ಬರಿದ್ದರೆ ಸಾಕು. ಮದುವೆಯ ಆ ನಾಲ್ಕು ದಿನ ಹೋಳಿಗೆ, ತುಪ್ಪ ಎಲ್ಲ ತಿನ್ನಿ. ಅಕ್ಕನ ಮದುವೆ ಒಂದೇ ಸಲ.

ಪರೀಕ್ಷೆಯ ವರದಿ ಬಂದ ಮೇಲೆ ಟಿಎಸ್‌ಎಚ್, ಎಚ್‌ಬಿಎ1ಸಿ ಎಷ್ಟಿದೆ ಎಂದು ಬರೆಯಿರಿ. ಸೊಂಟದ ಅಳತೆ, ಎಷ್ಟು ದಿನ ರಾತ್ರಿ ಎಂಟಕ್ಕೆ ಊಟ ಮುಗಿಯಿತು ಎಂಬುದನ್ನೂ ಸೇರಿಸಿ. ತೂಕ ಬರೆಯುವುದು ಬೇಡ.